ಉರುಳು, ಸಿಡಿಮದ್ದು, ವಿಷ: ಕಾಡುಪ್ರಾಣಿ ಉಳಿಸುವ ಅಭಿಯಾನಕ್ಕೆ ಬೆಂಗಳೂರಿನಿಂದ ಕೈಜೋಡಿಸುವುದು ಹೇಗೆ?

ಚಿರತೆ ತಂತಿಗೆ ಸಿಕ್ಕಿ ಸತ್ತಿತು ಎಂಬ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಓದುಗರು ಒಂದೇ ಪ್ರಶ್ನೆ ಕೇಳುತ್ತಾರೆ. ‘ನಾವು ಬೆಂಗಳೂರಿನಲ್ಲಿದ್ದೇವೆ. ಕೆಲಸ, ಮನೆ, ಟ್ರಾಫಿಕ್ಕಿನಲ್ಲೇ ದಿನ ಮುಗಿಯುತ್ತದೆ. ನಮ್ಮಿಂದ ಏನಾದರೂ ಆಗುತ್ತದಾ?’ ಖಂಡಿತ ಆಗುತ್ತದೆ. ಆದರೆ ಹೆಚ್ಚಿನವರು ಶುರು ಮಾಡುವ ಕೆಲಸ ಬೇರೆ, ನಿಜವಾಗಿ ಬೇಕಾಗಿರುವ ಕೆಲಸ ಬೇರೆ. ಫೋಟೋ ಹಂಚುವವರು ಸಾವಿರ ಜನ ಸಿಗುತ್ತಾರೆ. ಒಂದು ದೂರು ಬರೆದು, ಸ್ವೀಕೃತಿ ತೆಗೆದುಕೊಂಡು, ಎರಡು ತಿಂಗಳ ನಂತರ ಮತ್ತೆ ಫೋನ್ ಮಾಡಿ ‘ಏನಾಯಿತು ಸಾರ್?’ ಎಂದು ಕೇಳುವವರು ಸಿಗುವುದು ಕಷ್ಟ. ಈ ಲೇಖನ ಬರೆದದ್ದು ಆ ಎರಡನೇ ಕೆಲಸಕ್ಕಾಗಿ.

ಇದು ದೂರದ ಕಾಡಿನ ವಿಷಯ ಎಂದುಕೊಳ್ಳಬೇಡಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ನಗರಕ್ಕೆ ತಾಗಿಕೊಂಡೇ ಇದೆ. ಆನೇಕಲ್, ಕನಕಪುರ, ರಾಮನಗರ, ಮಾಗಡಿ ಕಡೆಯ ಹೊಲಗಳಲ್ಲಿ, ಕುರುಚಲು ಕಾಡುಗಳಲ್ಲಿ ಚಿರತೆ, ಕಾಡುಹಂದಿ, ನರಿ, ಮೊಲ, ಮುಳ್ಳುಹಂದಿ ಎಲ್ಲ ಇವೆ. ಆನೆಗಳೂ ಬರುತ್ತವೆ.

ಶುರು ಮಾಡಲು ದೊಡ್ಡ ಸಿದ್ಧತೆ ಬೇಡ. ಲೊಕೇಶನ್ ತೋರಿಸುವ ಫೋನ್, ಒಂದು ನೋಟ್‌ಬುಕ್, ತಿಂಗಳಿಗೆ ನಾಲ್ಕಾರು ಗಂಟೆ ಸಮಯ ಇದ್ದರೆ ಸಾಕು. ಕನ್ನಡದಲ್ಲಿ ಪತ್ರ ಬರೆಯಲು ಬರುತ್ತದೆ ಅಂದರೆ ಇನ್ನೂ ಒಳ್ಳೆಯದು. ಎಷ್ಟೋ ಸಂಘಟನೆಗಳಿಗೆ ದುಡ್ಡಿಗಿಂತ ಜಾಸ್ತಿ ಕೊರತೆ ಇರುವುದು ಇಂಥವರದ್ದೇ.

1. ಏನು ನಡೆಯುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ

‘ಪ್ರಾಣಿಹಿಂಸೆ ನಿಲ್ಲಬೇಕು’ ಎಂದಷ್ಟೇ ಹೇಳಿದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಯಾವ ಪದ್ಧತಿ, ಯಾಕೆ ಮಾಡುತ್ತಾರೆ, ಯಾರು ಮಾಡುತ್ತಾರೆ ಎಂಬುದು ಗೊತ್ತಿರಬೇಕು.

ಉರುಳು: ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಬೈಕಿನ ಕ್ಲಚ್ ವೈರ್, ಬ್ರೇಕ್ ವೈರ್ ಅಥವಾ ಬೈಂಡಿಂಗ್ ತಂತಿಯಿಂದ ಕುಣಿಕೆ ಮಾಡಿ, ಬೇಲಿಯ ಸಂದಿಯಲ್ಲೋ ಪ್ರಾಣಿ ಓಡಾಡುವ ಜಾಡಿನಲ್ಲೋ ಕಟ್ಟುತ್ತಾರೆ. ಒಂದು ಗೂಟಕ್ಕೆ ಅಥವಾ ಗಿಡದ ಬುಡಕ್ಕೆ ಬಿಗಿದಿರುತ್ತಾರೆ. ಪ್ರಾಣಿ ಎಳೆದಷ್ಟೂ ಕುಣಿಕೆ ಬಿಗಿಯುತ್ತದೆ. ಹಾಕುವುದು ಸಾಮಾನ್ಯವಾಗಿ ಹಂದಿಗೆ ಅಥವಾ ಮೊಲಕ್ಕೆ. ಆದರೆ ತಂತಿಗೆ ಯಾವ ಪ್ರಾಣಿ ಬಂತು ಅಂತ ಗೊತ್ತಾಗುವುದಿಲ್ಲ. ಅದೇ ಜಾಡಿನಲ್ಲಿ ಬಂದ ಚಿರತೆ, ಕರಡಿ, ಊರಿನ ನಾಯಿ ಯಾವುದಾದರೂ ಸಿಕ್ಕಿಕೊಳ್ಳುತ್ತದೆ. ಸೊಂಟಕ್ಕೆ ಬಿದ್ದರೆ ಒಳಗಿನ ಅಂಗಗಳಿಗೇ ಪೆಟ್ಟು. ಬಿಡಿಸಿ ಕಳಿಸಿದ ಮೇಲೂ ಪ್ರಾಣಿ ಸಾಯಬಹುದು. ‘ಬಿಡಿಸಿದರು, ಓಡಿಹೋಯಿತು’ ಎಂಬ ವಿಡಿಯೋ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಸಿಡಿಮದ್ದು: ಹಿಟ್ಟು, ಹಣ್ಣು ಅಥವಾ ಮಾಂಸದ ತುಂಡಿನೊಳಗೆ ಮದ್ದು ಇಟ್ಟು ಹೊಲದ ಅಂಚಿನಲ್ಲಿ ಬಿಡುತ್ತಾರೆ. ಹಂದಿ ಕಚ್ಚಿದರೆ ಬಾಯಿ ಛಿದ್ರ. ಮೇಯಲು ಹೋದ ಹಸು, ಮನೆಯ ನಾಯಿ ಕೂಡ ಇದಕ್ಕೆ ಬಲಿಯಾಗುತ್ತವೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆ ಬಾಯಿಗೆ ಗಾಯವಾಗಿ, ನದಿಯ ನೀರಿನಲ್ಲಿ ನಿಂತೇ ಸತ್ತದ್ದು ನಿಮಗೆ ನೆನಪಿರಬಹುದು. ಅದರ ಗಾಯ ಇಂಥ ಮದ್ದಿನಿಂದ ಆದದ್ದು.

ವಿಷ: ಹುಲಿ ಅಥವಾ ಚಿರತೆ ದನ ಕೊಂದರೆ, ಉಳಿದ ಕಳೇಬರಕ್ಕೆ ಕೀಟನಾಶಕ ಹಾಕುವುದು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಹೀಗೇ ಸತ್ತವು. ಹಸುವಿನ ಕಳೇಬರದಲ್ಲಿ ವಿಷ ಇತ್ತು. ಇದರಲ್ಲಿ ಸಾಯುವುದು ಹುಲಿ ಮಾತ್ರ ಅಲ್ಲ. ಆ ಮಾಂಸ ತಿನ್ನಲು ಬಂದ ಹದ್ದು, ನರಿ, ಕಾಗೆ ಎಲ್ಲವೂ ಹೋಗುತ್ತವೆ.

ಕರೆಂಟ್ ತಂತಿ: ಇಲ್ಲಿ ಒಂದು ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳಿ, ಹೊಸಬರು ತುಂಬಾ ಎಡವುವುದು ಇಲ್ಲೇ. ಸೋಲಾರ್ ಬೇಲಿಯಲ್ಲಿ ಎನರ್ಜೈಸರ್ ಎಂಬ ಪೆಟ್ಟಿಗೆ ಇರುತ್ತದೆ. ಅದು ಕ್ಷಣಮಾತ್ರದ ಶಾಕ್ ಬಿಟ್ಟು ಬಿಟ್ಟು ಕೊಡುತ್ತದೆ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಕೊಲ್ಲುವುದು ಪಂಪ್‌ಸೆಟ್ಟಿನ ಲೈನಿನಿಂದಲೋ ಕಂಬದಿಂದಲೋ ನೇರವಾಗಿ ತಂತಿಗೆ ಕೊಟ್ಟ ಕರೆಂಟ್. ಅದು ಆನೆಯನ್ನೂ ಕೊಲ್ಲುತ್ತದೆ, ರಾತ್ರಿ ನೀರು ಕಟ್ಟಲು ಹೋದ ಮನುಷ್ಯನನ್ನೂ ಕೊಲ್ಲುತ್ತದೆ. ಸೋಲಾರ್ ಬೇಲಿ ಹಾಕಿದ ರೈತನ ಮೇಲೆ ದೂರು ಕೊಟ್ಟರೆ ಆ ಊರಿನಲ್ಲಿ ಮತ್ತೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಇವಲ್ಲದೆ ನಾಯಿ ಬಿಟ್ಟು ಮೊಲ ಅಟ್ಟಿಸಿ ಹಿಡಿಯುವುದು ಇದೆ. ರಾಜ್ಯದ ಕೆಲವು ಕಡೆ ಯುಗಾದಿ ಹೊತ್ತಿಗೆ ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುತ್ತಾರೆ. ಹಣ್ಣಿನ ತೋಟಗಳಿಗೆ ಹಾಕಿದ ತೆಳ್ಳನೆಯ ನೈಲಾನ್ ಬಲೆಯಲ್ಲಿ ಹಕ್ಕಿ, ಬಾವಲಿ ಸಿಕ್ಕಿ ಒದ್ದಾಡಿ ಸಾಯುತ್ತವೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಇಡುತ್ತಾರೆ.

2. ಕಾನೂನು ಇಷ್ಟು ಗೊತ್ತಿದ್ದರೆ ಸಾಕು

ಮುಖ್ಯವಾದ ಕಾಯ್ದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಇದರಲ್ಲಿ ‘ಬೇಟೆ’ ಅಂದರೆ ಗುಂಡು ಹೊಡೆಯುವುದು ಮಾತ್ರ ಅಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ವಿಷ ಇಡುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಇಡುವುದು ಎಲ್ಲವೂ ಬೇಟೆ. ಅದಕ್ಕೆ ಪ್ರಯತ್ನಿಸಿದರೂ ಬೇಟೆ. ಅಂದರೆ ಖಾಲಿ ಉರುಳು ಸಿಕ್ಕರೂ ಅದು ಅಪರಾಧದ ಕುರುಹು. ‘ಇನ್ನೂ ಯಾವ ಪ್ರಾಣಿಯೂ ಸಿಕ್ಕಿಲ್ಲವಲ್ಲ’ ಎಂದು ಯಾರಾದರೂ ಹೇಳಿದರೆ ಈ ಮಾತು ನೆನಪಿಡಿ. ಸ್ವಂತ ಹೊಲದಲ್ಲಿ ಹಾಕಿದೆ ಎಂಬುದೂ ನೆಪ ಆಗುವುದಿಲ್ಲ.

ಈ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಪ್ರಾಣಿಗಳಿಗೆ ಎರಡು ಮುಖ್ಯ ಪಟ್ಟಿಗಳಿವೆ. ಇವನ್ನು ಅನುಸೂಚಿ ಎನ್ನುತ್ತಾರೆ. ಹುಲಿ, ಚಿರತೆ, ಆನೆ, ಕರಡಿ, ಚಿಪ್ಪುಹಂದಿ ಮೊದಲನೆಯದರಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಕಾಡುಹಂದಿ ಎರಡನೆಯದರಲ್ಲಿದೆ. ಅದಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಪುಸ್ತಕ, ಹಳೆಯ ಪೋಸ್ಟರುಗಳಲ್ಲಿ ಆರು ಅನುಸೂಚಿ, 25,000 ರೂಪಾಯಿವರೆಗೆ ದಂಡ ಎಂದೆಲ್ಲ ಇರುತ್ತದೆ. ಅವನ್ನು ನೋಡಿಕೊಂಡು ದೂರು ಬರೆಯಬೇಡಿ.

ಕರೆಂಟ್ ಕದ್ದು ಬೇಲಿಗೆ ಕೊಟ್ಟಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯೂ ಬರುತ್ತದೆ. ಸಿಡಿಮದ್ದು ಆದರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ. ಇದು ಪೊಲೀಸರ ಕೆಲಸ ಕೂಡ. ಫೋರೇಟ್ ಎಂಬ ಕೀಟನಾಶಕವನ್ನು 2020ರ ಕೊನೆಗೇ ದೇಶದಲ್ಲಿ ನಿಷೇಧಿಸಲಾಗಿದೆ. ಅದು ಯಾವುದಾದರೂ ಅಂಗಡಿಯಲ್ಲಿ ಇನ್ನೂ ಸಿಗುತ್ತಿದ್ದರೆ ತಾಲೂಕಿನ ಕೃಷಿ ಅಧಿಕಾರಿಗೆ ತಿಳಿಸಿ.

3. ನಿಮ್ಮ ಮನೆ, ನಿಮ್ಮ ತಟ್ಟೆ, ನಿಮ್ಮ ಜಮೀನು

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಲೇಬೇಕು. ಎಲ್ಲ ಉರುಳೂ ಬೆಳೆ ಕಾಯುವುದಕ್ಕಲ್ಲ. ಮಾಂಸಕ್ಕೆ ಹಾಕುವವರೂ ಇದ್ದಾರೆ, ಆ ಮಾಂಸ ಕೊಳ್ಳುವ ಜನ ಊರಿನವರೇ ಆಗಿರಬೇಕೆಂದಿಲ್ಲ. ಊರ ಹೊರಗಿನ ಪಾರ್ಟಿಗೆ ಹೋದಾಗ, ಹೆದ್ದಾರಿ ಬದಿಯ ಊಟಕ್ಕೆ ನಿಂತಾಗ ‘ಕಾಡು ಹಂದಿ ಇದೆ, ಸ್ಪೆಷಲ್’ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ಬೇಡ ಎನ್ನಿ. ಜೊತೆಗಿರುವ ಸ್ನೇಹಿತರಿಗೂ ಬೇಡ ಎನ್ನಿ. ಕೊಳ್ಳುವವರ ಮೇಲೂ ಕೇಸು ಆಗುತ್ತದೆ.

ಇನ್ನು ಕನಕಪುರ ರಸ್ತೆ, ಮಾಗಡಿ ರಸ್ತೆ ಕಡೆ ಫಾರ್ಮ್ ಹೌಸ್ ಅಥವಾ ಒಂದೆರಡು ಎಕರೆ ತೋಟ ಮಾಡಿರುವ ಬೆಂಗಳೂರಿನವರು ಬಹಳ ಇದ್ದಾರೆ. ವಾರಕ್ಕೊಮ್ಮೆ ಹೋಗಿ ಬರುತ್ತೀರಿ, ಉಳಿದ ದಿನ ನೋಡಿಕೊಳ್ಳುವವರು ಬೇರೆ. ಮುಂದಿನ ಸಲ ಹೋದಾಗ ಬೇಲಿಯ ಸುತ್ತ ಪೂರ್ತಿ ನಡೆದು ನೋಡಿ. ಬೇಲಿಯ ಬುಡದ ಸಂದಿಗಳಲ್ಲಿ, ಪೊದೆ ಒತ್ತಾಗಿರುವ ಕಡೆ, ನೀರಿನ ಗುಂಡಿಯ ದಾರಿಯಲ್ಲಿ ಕುಣಿಕೆ ಇದೆಯಾ ಅಂತ ಹುಡುಕಿ. ತೋಟ ನೋಡಿಕೊಳ್ಳುವವರಿಗೆ ‘ಇಲ್ಲಿ ಉರುಳು ಬೇಡ, ಬೆಳೆ ಹಾಳಾದರೆ ನನಗೆ ಹೇಳಿ, ಅದರ ಬಗ್ಗೆ ನಾನು ನೋಡಿಕೊಳ್ಳುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ. ಬೇಲಿ ಹಾಕಿಸುವಾಗ ಬುಡದಲ್ಲಿ ಸಣ್ಣ ಪ್ರಾಣಿ ನುಸುಳುವಷ್ಟು ಜಾಗ ಬಿಡಿಸಿ. ಹಣ್ಣಿನ ಗಿಡಕ್ಕೆ ಬಲೆ ಬೇಕೇಬೇಕು ಅಂದರೆ ಬಿಗಿಯಾಗಿ ಎಳೆದು ಕಟ್ಟಿಸಿ, ಜೋಲುವ ಬಲೆಯಲ್ಲೇ ಹಕ್ಕಿ ಸಿಕ್ಕಿಕೊಳ್ಳುವುದು.

4. ಯಾವ ಅಭಿಯಾನಕ್ಕೆ ಸೇರಬೇಕು, ದುಡ್ಡು ಯಾರಿಗೆ ಕೊಡಬೇಕು

ಕಣ್ಣೀರು ಬರಿಸುವ ಫೋಟೋ, ಕೆಳಗೆ ಒಂದು ಕ್ಯೂಆರ್ ಕೋಡ್. ಇಂಥದ್ದು ವಾಟ್ಸಾಪ್‌ನಲ್ಲಿ ಬಂದರೆ ತಕ್ಷಣ ದುಡ್ಡು ಹಾಕಬೇಡಿ. ಮೊದಲು ಕೆಲವು ವಿಷಯ ಕೇಳಿ. ಸಂಸ್ಥೆ ಟ್ರಸ್ಟ್ ಆಗಿಯೋ ಸಂಘವಾಗಿಯೋ ನೋಂದಣಿ ಆಗಿದೆಯಾ? ಖಾತೆ ಸಂಸ್ಥೆಯ ಹೆಸರಿನಲ್ಲಿದೆಯಾ, ಒಬ್ಬ ವ್ಯಕ್ತಿಯ ಹೆಸರಿನಲ್ಲಿದೆಯಾ? ವರ್ಷದ ಲೆಕ್ಕಪತ್ರ ತೋರಿಸುತ್ತಾರಾ? ಕೇಂದ್ರ ಸರ್ಕಾರದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಹುಡುಕಬಹುದು. ಜನ 80ಜಿ ಎಂದೇ ಕರೆಯುವ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ರಿಯಾಯಿತಿ ಇಲ್ಲ. ಹಾಗಾಗಿ ಬ್ಯಾಂಕಿನ ಮೂಲಕವೇ ಕೊಡಿ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ‘ನೀವು ಊರಿನವರ ಜೊತೆ ಏನು ಕೆಲಸ ಮಾಡುತ್ತೀರಿ?’ ಇದಕ್ಕೆ ಉತ್ತರ ಇಲ್ಲದ, ಬರೀ ರಕ್ಷಣೆಯ ವಿಡಿಯೋ ಹಾಕುವ ಗುಂಪಿಗೆ ನಾನಾದರೆ ದುಡ್ಡು ಕೊಡುವುದಿಲ್ಲ. ಉದಾಹರಣೆಗೆ, ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಿಂದ ‘ವೈಲ್ಡ್ ಸೇವೆ’ ಎಂಬ ಕೆಲಸ ಮಾಡುತ್ತಿದೆ. ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಯವರು ಬೆಳೆ ಅಥವಾ ದನ ಕಳೆದುಕೊಂಡಾಗ ಫೋನ್ ಮಾಡಿದರೆ, ಕಾರ್ಯಕರ್ತರು ಬಂದು ಪರಿಹಾರದ ಅರ್ಜಿ ಹಾಕಲು ನೆರವಾಗುತ್ತಾರೆ. ವಿಷ ಇಡುವ ಸಿಟ್ಟು ತಣ್ಣಗಾಗುವುದು ಇಂಥ ಕೆಲಸದಿಂದ. ಗಾಯಗೊಂಡ ಪ್ರಾಣಿಗಳ ಚಿಕಿತ್ಸೆಗೆ ನೆರವಾಗಬೇಕು ಅನಿಸಿದರೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ.

ಸ್ವಯಂಸೇವಕರಾಗಿ ಹೋಗುವವರಿಗೆ ಒಂದು ಮಾತು. ‘ಪ್ರಾಣಿ ಜೊತೆ ಕೆಲಸ ಕೊಡಿ’ ಎಂದು ಎಲ್ಲರೂ ಕೇಳುತ್ತಾರೆ. ನೀವು ‘ಪತ್ರ ಬರೆಯುತ್ತೇನೆ, ಕಚೇರಿಗೆ ಓಡಾಡುತ್ತೇನೆ, ಕೇಸಿನ ದಿನಾಂಕ ಬರೆದಿಡುತ್ತೇನೆ’ ಎನ್ನಿ.

5. ಉರುಳು ಅಥವಾ ಸಿಕ್ಕಿಕೊಂಡ ಪ್ರಾಣಿ ಕಂಡಾಗ

ಚಾರಣ, ಸೈಕ್ಲಿಂಗ್, ಹಕ್ಕಿ ನೋಡುವುದು ಎಂದು ವಾರಾಂತ್ಯದಲ್ಲಿ ಹೊರಗೆ ಹೋಗುವವರು ಈ ಭಾಗವನ್ನು ಚೆನ್ನಾಗಿ ಓದಿಕೊಳ್ಳಿ.

ಜೀವಂತ ಪ್ರಾಣಿ ಸಿಕ್ಕಿಕೊಂಡಿದ್ದರೆ ಮೊದಲು ದೂರ ಸರಿಯಿರಿ. ನೀವು ಹತ್ತಿರ ಹೋದಷ್ಟೂ ಅದು ಎಳೆದಾಡುತ್ತದೆ, ತಂತಿ ಇನ್ನೂ ಒಳಗೆ ಇಳಿಯುತ್ತದೆ. ಚಿರತೆ ಆದರೆ ತಂತಿ ಕಿತ್ತುಕೊಂಡು ಮೇಲೆ ಬೀಳಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸಿಗದಿದ್ದರೆ 112. ಜಾಗದ ಗುರುತು, ಯಾವ ಪ್ರಾಣಿ, ಬದುಕಿದೆಯಾ, ಯಾವ ರಸ್ತೆಯಿಂದ ಬರಬೇಕು, ಇಷ್ಟು ಹೇಳಿ. ಅರಿವಳಿಕೆ ಮದ್ದು ಕೊಡುವ ಪಶುವೈದ್ಯರು ಬೇಕಾಗುತ್ತದೆ ಎಂಬುದನ್ನೂ ಹೇಳಿ, ಅವರು ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನೀವು ಮಾಡಬೇಕಾದ ದೊಡ್ಡ ಉಪಕಾರ ಎಂದರೆ ಜನ ಸೇರದಂತೆ ನೋಡಿಕೊಳ್ಳುವುದು. ಊರಿನ ಹಿರಿಯರು ಯಾರಾದರೂ ಇದ್ದರೆ ಅವರನ್ನೇ ಕೇಳಿಕೊಳ್ಳಿ: ‘ಯಜಮಾನ್ರೇ, ಹುಡುಗರನ್ನು ಸ್ವಲ್ಪ ಹಿಂದಕ್ಕೆ ಕರೀರಿ, ಯಾರಿಗಾದರೂ ಪೆಟ್ಟಾದರೆ ಕಷ್ಟ.’ ನಿಮ್ಮ ಮಾತಿಗಿಂತ ಅವರ ಮಾತು ನಡೆಯುತ್ತದೆ.

ಖಾಲಿ ಉರುಳು ಕಂಡರೆ ಕಿತ್ತು ಬಿಸಾಡುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಮೊದಲು ಫೋಟೋ ತೆಗೆಯಿರಿ. ದೂರದಿಂದ ಒಂದು, ಸುತ್ತಲಿನ ಜಾಗ ಕಾಣಬೇಕು. ಹತ್ತಿರದಿಂದ ಒಂದು, ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ಟರೆ ಅಳತೆ ತಿಳಿಯುತ್ತದೆ. ಗಂಟು ಹೇಗೆ ಹಾಕಿದ್ದಾರೆ, ಎಲ್ಲಿಗೆ ಕಟ್ಟಿದ್ದಾರೆ ಎಂಬುದಕ್ಕೂ ಒಂದು. ಲೊಕೇಶನ್ ಉಳಿಸಿಕೊಳ್ಳಿ, ಹೊತ್ತು ಬರೆದುಕೊಳ್ಳಿ. ಆಮೇಲೆ 1926ಕ್ಕೆ ಅಥವಾ ಆ ವಲಯದ ರೇಂಜರ್‌ಗೆ ಫೋನ್ ಮಾಡಿ. ‘ತೆಗೆಯಿರಿ’ ಎಂದು ಅವರೇ ಹೇಳಿದರೆ ಮಾತ್ರ ತೆಗೆಯಿರಿ, ಯಾರು ಹೇಳಿದರು ಎಂದು ಹೆಸರು ಬರೆದಿಡಿ. ಇಲ್ಲದಿದ್ದರೆ ಸಾಕ್ಷಿಯನ್ನು ನೀವೇ ಅಳಿಸಿದಂತಾಗುತ್ತದೆ. ಒಂದು ಉರುಳು ಕಂಡ ಕಡೆ ಅದೇ ಬೇಲಿಗುಂಟ ಇನ್ನೂ ಕೆಲವು ಇರುವುದು ಸಾಮಾನ್ಯ, ಇದನ್ನೂ ಅವರಿಗೆ ಹೇಳಿ.

ಈ ತಪ್ಪುಗಳನ್ನು ಮಾಡಬೇಡಿ:

ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಫೋನಿನಿಂದ ಅಳಿಸುವುದು. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಜಾಗ ಮತ್ತು ಸಮಯದ ವಿವರ ಹೋಗಿಬಿಡುತ್ತದೆ. ಮೂಲ ಫೋಟೋ ಫೋನಿನಲ್ಲೇ ಇರಲಿ. ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ.

ಉರುಳು ಹುಡುಕಲು ಅಂತ ನೀವೇ ಗುಂಪು ಕಟ್ಟಿಕೊಂಡು ಕಾಡಿಗೆ ನುಗ್ಗುವುದು. ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಕಾಲಿಟ್ಟರೆ ಅದೂ ಅಪರಾಧ. ಇಲಾಖೆಯ ಸಿಬ್ಬಂದಿ ಜೊತೆ ಉರುಳು ತೆಗೆಯುವ ಗಸ್ತಿಗೆ ಸ್ವಯಂಸೇವಕರನ್ನು ಕರೆದುಕೊಂಡು ಹೋಗುವ ಸಂಘಟನೆ ಇದ್ದರೆ ಅವರ ಮೂಲಕ ಹೋಗಿ.

ಕರೆಂಟ್ ಬೇಲಿ ಇರಬಹುದು ಅನಿಸಿದರೆ ಯಾವ ತಂತಿಯನ್ನೂ ಮುಟ್ಟಬೇಡಿ, ಕಡ್ಡಿಯಿಂದಲೂ ಬೇಡ. 1912ಕ್ಕೆ ಫೋನ್ ಮಾಡಿ, ಅದು ವಿದ್ಯುತ್ ಕಂಪನಿಯ ದೂರಿನ ನಂಬರ್. ಸಿಡಿಮದ್ದಿನ ಉಂಡೆ ಎಂಬ ಅನುಮಾನ ಇದ್ದರೂ ಅಷ್ಟೇ, ಕೈ ಹಾಕದೆ ಪೊಲೀಸರನ್ನು ಕರೆಯಿರಿ. ವಿಷ ತಿಂದು ಸತ್ತಂತೆ ಕಾಣುವ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟುವುದು ನಿಮ್ಮ ಜೀವಕ್ಕೇ ಅಪಾಯ. ಜೊತೆಗೆ ಕರೆತಂದ ನಾಯಿಯನ್ನು ಕಟ್ಟಿಹಾಕಿ.

ಮತ್ತೆ, ಯಾರು ಹಾಕಿದರು ಎಂದು ಅಲ್ಲೇ ವಿಚಾರಣೆ ಶುರು ಮಾಡಬೇಡಿ. ಆ ಊರಿನಲ್ಲಿ ನಾಳೆಯೂ ಬದುಕಬೇಕಾದ ಜನ ನಿಮಗೆ ಮಾಹಿತಿ ಕೊಟ್ಟಿರುತ್ತಾರೆ.

6. ದೂರು ಬರೆಯುವುದು, ಬೆನ್ನು ಬೀಳುವುದು

ಫೋನ್ ಮಾಡಿದ್ದಕ್ಕೆ ದಾಖಲೆ ಇರುವುದಿಲ್ಲ. ಅದೇ ದಿನ ಅಥವಾ ಮರುದಿನ ಬರಹದಲ್ಲಿ ದೂರು ಕೊಡಿ. ವಲಯ ಅರಣ್ಯಾಧಿಕಾರಿಗೆ, ಅಂದರೆ ಜನ ರೇಂಜರ್ ಅಥವಾ ಆರ್‌ಎಫ್‌ಒ ಎಂದು ಕರೆಯುವವರಿಗೆ ಬರೆಯಿರಿ. ಪ್ರತಿಯನ್ನು ಅವರ ಮೇಲಿನ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ, ಅಂದರೆ ಡಿಸಿಎಫ್‌ಗೆ ಕಳಿಸಿ. ವಿಷಯ ದೊಡ್ಡದಾದರೆ ಮಲ್ಲೇಶ್ವರದ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಒಂದು ಪ್ರತಿ ಇರಲಿ. ಪ್ರಾಣಿಯ ಅಂಗ, ಚರ್ಮ, ಮಾಂಸದ ಮಾರಾಟದ ವಾಸನೆ ಇದ್ದರೆ ಸಿಐಡಿಯ ಅರಣ್ಯ ಘಟಕಕ್ಕೆ ತಿಳಿಸಬಹುದು.

ದೂರು ಒಂದು ಪುಟ ದಾಟಬೇಕಿಲ್ಲ. ಹೀಗೆ ಬರೆದರೆ ಸಾಕು:

‘ಮಾನ್ಯರೇ, ಈ ದಿನ (ದಿನಾಂಕ, ಸಮಯ) ಇಂಥ ಗ್ರಾಮದ ಇಂಥ ಕೆರೆಯ ಏರಿಯ ಪಕ್ಕದ ಬೇಲಿಯಲ್ಲಿ ತಂತಿಯ ಉರುಳು ಹಾಕಿರುವುದನ್ನು ನಾನು ನೋಡಿರುತ್ತೇನೆ. ಸ್ಥಳದ ಗುರುತು ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ. ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಕಲಂ 9ರ ಉಲ್ಲಂಘನೆ. ದಯವಿಟ್ಟು ಸ್ಥಳ ಮಹಜರು ನಡೆಸಿ, ಪ್ರಕರಣ ದಾಖಲಿಸಿ, ಸುತ್ತಲಿನ ಜಾಗವನ್ನೂ ಪರಿಶೀಲಿಸಬೇಕಾಗಿ ವಿನಂತಿ. ಕೈಗೊಂಡ ಕ್ರಮವನ್ನು ನನಗೆ ತಿಳಿಸಬೇಕಾಗಿ ಕೋರುತ್ತೇನೆ.’

ಮಹಜರು ಅಂದರೆ ಸಾಕ್ಷಿಗಳ ಎದುರು ಜಾಗದಲ್ಲಿ ಕಂಡದ್ದನ್ನು ಬರೆದುಕೊಳ್ಳುವುದು. ಕಲಂ 9 ಬೇಟೆಯನ್ನು ನಿಷೇಧಿಸುವ ಕಲಂ. ಕಂಡದ್ದು ಮಾತ್ರ ಬರೆಯಿರಿ. ಊಹೆ, ಯಾರದೋ ಹೆಸರು, ಸಿಟ್ಟಿನ ಮಾತು ಬೇಡ. ಎರಡನೇ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಇದೇ ಸ್ವೀಕೃತಿ. ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಆದರೂ ಸರಿ.

ಎರಡು ವಾರ ಕಳೆದ ಮೇಲೆ ಫೋನ್ ಮಾಡಿ. ಮರ್ಯಾದೆಯಿಂದಲೇ ಕೇಳಿ. ಗಸ್ತಿನ ಸಿಬ್ಬಂದಿ ಕಡಿಮೆ, ಓಡಾಡಬೇಕಾದ ಜಾಗ ಜಾಸ್ತಿ, ಅವರಿಗೂ ನಿಮ್ಮಂಥವರ ನೆರವು ಬೇಕು. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು ಎಂಬ ನಿಯಮ ಇದೆ. ಇದನ್ನು ತಿಳಿಯದೆ ಉದ್ದುದ್ದ ಬರೆದವರ ಅರ್ಜಿ ವಾಪಸ್ ಬರುತ್ತದೆ. ‘ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಬೇಡಿ, ಅದು ಮಾಹಿತಿ ಅಲ್ಲ ಎಂದು ಹೇಳಿಬಿಡಬಹುದು. ‘ಇಂಥ ದಿನಾಂಕದ ನನ್ನ ದೂರಿನ ಮೇಲೆ ದಾಖಲಾದ ಪ್ರಕರಣದ ಸಂಖ್ಯೆ, ಮಹಜರಿನ ಪ್ರತಿ ಕೊಡಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಅದಕ್ಕೂ ಮುಂದೆ ಹೋಗುವ ದಾರಿ ಕಾಯ್ದೆಯಲ್ಲೇ ಇದೆ. ಕಲಂ 55ರ ಪ್ರಕಾರ ಸಾಮಾನ್ಯ ನಾಗರಿಕರೂ ಸರ್ಕಾರಕ್ಕೆ 60 ದಿನದ ನೋಟಿಸ್ ಕೊಟ್ಟು, ಆಮೇಲೆ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು. ಇದನ್ನು ವಕೀಲರ ನೆರವಿಲ್ಲದೆ ಮಾಡಬೇಡಿ. ನೀವೇ ವಕೀಲರಾಗಿದ್ದರೆ ದಯವಿಟ್ಟು ಇದನ್ನು ಓದಿ ಸುಮ್ನೆ ಮುಂದೆ ಹೋಗಬೇಡಿ, ನಿಮ್ಮ ಒಂದು ದಿನದ ಸಮಯ ಇಂಥ ಸಂಘಟನೆಗಳಿಗೆ ಬಹಳ ದೊಡ್ಡದು.

7. ಮನವಿ, ಪ್ರತಿಭಟನೆ

ಆನ್‌ಲೈನ್ ಸಹಿ ಸಂಗ್ರಹಕ್ಕೆ ಕಚೇರಿಗಳಲ್ಲಿ ಅಷ್ಟೇನೂ ತೂಕ ಇಲ್ಲ. ನಿಮ್ಮ ಕ್ಷೇತ್ರದ ಶಾಸಕರಿಗೆ, ಅರಣ್ಯ ಸಚಿವರಿಗೆ ಸ್ವಂತ ಮಾತಿನಲ್ಲಿ ಬರೆದ ಪತ್ರಕ್ಕೆ ಇದೆ. ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇಡಿ. ‘ವನ್ಯಜೀವಿಗಳನ್ನು ರಕ್ಷಿಸಿ’ ಎಂದಲ್ಲ. ‘ಈ ವಲಯದಲ್ಲಿ ಖಾಲಿ ಇರುವ ಗಸ್ತು ಹುದ್ದೆಗಳನ್ನು ತುಂಬಿ’, ‘ಬಾಕಿ ಇರುವ ಬೆಳೆ ಪರಿಹಾರ ಬಿಡುಗಡೆ ಮಾಡಿ’ ಎಂಬಂಥ, ಮಾಡಿದರೋ ಇಲ್ಲವೋ ಎಂದು ಆಮೇಲೆ ನೋಡಬಹುದಾದ ಬೇಡಿಕೆ ಇರಲಿ. ವಿಧಾನಸಭೆ ಅಧಿವೇಶನಕ್ಕೆ ಕೆಲವು ವಾರ ಮುಂಚೆ ಕೊಟ್ಟರೆ ಶಾಸಕರು ಅದನ್ನು ಪ್ರಶ್ನೆಯಾಗಿ ಕೇಳಲು ಅವಕಾಶ ಇರುತ್ತದೆ.

ಪ್ರತಿಭಟನೆ ಮಾಡುವುದಾದರೆ, ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಅದಕ್ಕೆ ಜಾಗ ಫ್ರೀಡಂ ಪಾರ್ಕ್ ಮಾತ್ರ. ಪೊಲೀಸರ ಅನುಮತಿ ಮುಂಚೆಯೇ ಪಡೆಯಬೇಕು. ಅರಣ್ಯ ಭವನದ ಎದುರು ಫಲಕ ಹಿಡಿದು ನಿಂತರೆ ಕೇಸು ನಿಮ್ಮ ಮೇಲೇ ಆಗುತ್ತದೆ.

8. ರೈತರ ಜೊತೆ ನಿಲ್ಲುವುದು

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಹಂತ. ಬೆಂಗಳೂರಿನವರು ಸುಲಭವಾಗಿ ದಾಟಿಹೋಗುವುದೂ ಇದನ್ನೇ.

ರಾಗಿ ತೆನೆ ಕಟ್ಟುವ ಹೊತ್ತಿಗೆ ಹಂದಿಯ ಹಿಂಡು ಒಂದು ರಾತ್ರಿ ಬಂದರೆ, ಆನೆ ಒಂದು ಸಲ ನಡೆದು ಹೋದರೆ, ಆ ಮನೆಯ ವರ್ಷದ ಅನ್ನವೇ ಹೋಗುತ್ತದೆ. ತಿಂಗಳುಗಟ್ಟಲೆ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕಾವಲು ಕೂತವರಿಗೆ ‘ಪ್ರಾಣಿಗಳನ್ನು ಪ್ರೀತಿಸಿ’ ಎಂದು ಹೇಳಲು ಯಾರಿಗೂ ಹಕ್ಕಿಲ್ಲ. ಎಲ್ಲ ಉರುಳು ಹಾಕುವವರೂ ಇಂಥವರಲ್ಲ ಎಂದು ಮೇಲೆಯೇ ಹೇಳಿದ್ದೇನೆ. ಮಾಂಸ ಮಾರುವವರ ಮೇಲೆ ಕಾನೂನು ನಡೆಯಲೇಬೇಕು. ಬೆಳೆ ಉಳಿಸಿಕೊಳ್ಳಲು ಹೆಣಗುವವರಿಗೆ ಬೇರೆ ದಾರಿ ತೋರಿಸಬೇಕು. ಅಭಿಯಾನ ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ ದಿನ ಊರು ಬಾಗಿಲು ಹಾಕಿಕೊಳ್ಳುತ್ತದೆ, ಆಮೇಲೆ ಯಾರೂ ಒಂದು ಮಾಹಿತಿಯನ್ನೂ ಕೊಡುವುದಿಲ್ಲ.

ಹಾಗಾದರೆ ನೀವು ಮಾಡಬಹುದಾದದ್ದು ಏನು? ಪರಿಹಾರದ ಅರ್ಜಿಗೆ ನೆರವಾಗಿ. ಕಾಡುಪ್ರಾಣಿಯಿಂದ ಬೆಳೆ, ದನ, ಜೀವ ಹಾನಿಯಾದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅದಕ್ಕೆ ‘ಇ-ಪರಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾನಿಯ ಫೋಟೋ ಬೇಕು. ದನ ಸತ್ತಿದ್ದರೆ ಪಶುವೈದ್ಯರ ವರದಿಯೂ ಬೇಕಾಗುತ್ತದೆ. ಇಲ್ಲಿ ಬರುವ ತೊಡಕುಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಇಲಾಖೆಯವರು ಬರುವ ಮೊದಲೇ ಸತ್ತ ದನವನ್ನು ಎಳೆದು ಹಾಕಿರುತ್ತಾರೆ. ಹೆಜ್ಜೆ ಗುರುತಿನ ಮೇಲೆ ಜನ ಓಡಾಡಿರುತ್ತಾರೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿರುವುದಿಲ್ಲ. ಗುತ್ತಿಗೆಗೆ ಮಾಡಿದ ಹೊಲವಾದರೆ ಬೆಳೆದವರೊಬ್ಬರು, ಪಹಣಿ ಇನ್ನೊಬ್ಬರದು. ಕಂಪ್ಯೂಟರ್ ಮುಂದೆ ದಿನವಿಡೀ ಕೂರುವ ನಿಮಗೆ ಒಂದು ಅರ್ಜಿ ಸ್ಕ್ಯಾನ್ ಮಾಡಿ ಹಾಕುವುದು ಅರ್ಧ ಗಂಟೆಯ ಕೆಲಸ. ಅವರಿಗೆ ಅದು ಕೂಲಿ ಬಿಟ್ಟು ತಾಲೂಕಿಗೆ ಎರಡು ಮೂರು ಸಲ ಓಡಾಡುವ ಕೆಲಸ. ನಿಮ್ಮ ಸ್ವಂತ ಊರು ಕಾಡಂಚಿನಲ್ಲಿದ್ದರೆ ಅಲ್ಲಿಂದಲೇ ಶುರು ಮಾಡಿ. ಅಪ್ಪ, ಚಿಕ್ಕಪ್ಪ, ಪಕ್ಕದ ಹೊಲದವರು ಯಾರದ್ದಾದರೂ ಒಂದು ಅರ್ಜಿ ಬಾಕಿ ಇದ್ದೇ ಇರುತ್ತದೆ.

ದುಡ್ಡು ಸೇರಿಸುವ ಶಕ್ತಿ ಇದ್ದರೆ ಸೋಲಾರ್ ಬೇಲಿಗೆ, ಕುರಿ ಮೇಕೆಗೆ ರಾತ್ರಿ ಕೂಡಲು ಗಟ್ಟಿ ಜಾಲರಿಯ ಕೊಟ್ಟಿಗೆಗೆ ಕೊಡಿ. ಚಾವಣಿಯೂ ಇರುವ ಕೊಟ್ಟಿಗೆ ಇದ್ದರೆ ಚಿರತೆ ಒಳಗೆ ಇಳಿಯುವುದಿಲ್ಲ, ಮರುದಿನ ವಿಷ ಇಡುವ ಪ್ರಸಂಗವೇ ಬರುವುದಿಲ್ಲ. ಸೋಲಾರ್ ಬೇಲಿಗೆ ಗಿಡ ಬಳ್ಳಿ ತಾಗದಂತೆ ಆಗಾಗ ಸವರಬೇಕು, ಬ್ಯಾಟರಿ ನೋಡಿಕೊಳ್ಳಬೇಕು. ಹಾಕಿಸಿ ಬಿಟ್ಟುಬಂದ ಬೇಲಿ ಬೇಗನೇ ಬರೀ ತಂತಿಯಾಗುತ್ತದೆ. ಆದ್ದರಿಂದ ಹಾಕಿಸುವಾಗಲೇ ಯಾರು ನೋಡಿಕೊಳ್ಳುತ್ತಾರೆ ಎಂದು ಗೊತ್ತು ಮಾಡಿಕೊಳ್ಳಿ.

ಊರಿಗೆ ಹೋದಾಗ ಭಾಷಣ ಬೇಡ. ‘ಈ ಸಲ ಹಂದಿ ಕಾಟ ಹೇಗಿದೆ ಯಜಮಾನ್ರೇ? ಪರಿಹಾರ ಬಂತಾ?’ ಎಂದು ಕೇಳಿ ಕೂತುಕೊಳ್ಳಿ. ಉರುಳಿನ ಮಾತು ಅವರಾಗಿಯೇ ಎತ್ತುತ್ತಾರೆ.

9. ಫೋಟೋ, ವಿಡಿಯೋ ಹಂಚುವಾಗ

ಜಾಗದ ಹೆಸರು ಹಾಕಬೇಡಿ. ಗೂಡು, ಮರಿ, ಗಾಯಗೊಂಡ ಪ್ರಾಣಿ ಎಲ್ಲಿದೆ ಎಂದು ತಿಳಿದರೆ ಜನ ಸೇರುತ್ತಾರೆ, ಬೇಟೆಯವರಿಗೂ ದಾರಿ ಸಿಗುತ್ತದೆ. ಆರೋಪಿ ಎಂದು ಯಾರದ್ದೂ ಮುಖ, ಜಾತಿ, ಊರು ಹಾಕಬೇಡಿ. ಬೇರೆ ದೇಶದ, ಹಳೆಯ ಅಥವಾ ಎಐ ಮಾಡಿದ ಚಿತ್ರಗಳು ‘ಕನಕಪುರದಲ್ಲಿ ನಿನ್ನೆ’ ಎಂಬ ಹೆಸರಿನಲ್ಲಿ ಓಡಾಡುತ್ತವೆ. ಖಚಿತ ಆಗದೆ ಮುಂದೆ ಕಳಿಸಬೇಡಿ.

10. ವರ್ಷದಲ್ಲಿ ಯಾವಾಗ ಏನು

ರಾಗಿ ಕೊಯ್ಲಿನ ಮುಂಚಿನ ದಿನಗಳು, ಅಂದರೆ ಅಕ್ಟೋಬರಿನಿಂದ ಡಿಸೆಂಬರ್, ಉರುಳು ಮತ್ತು ಕರೆಂಟ್ ಬೇಲಿ ಹೆಚ್ಚುವ ಕಾಲ. ಗಸ್ತು ಹೆಚ್ಚಿಸಿ ಎಂಬ ಮನವಿ ಸೆಪ್ಟೆಂಬರಿನಲ್ಲೇ ಹೋಗಲಿ. ಪರಿಹಾರದ ಅರ್ಜಿಗಳಿಗೆ ನೆರವು ಹೆಚ್ಚು ಬೇಕಾಗುವುದು ನವೆಂಬರ್, ಡಿಸೆಂಬರಿನಲ್ಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಕಿಯ ಭಯ. ಬೆಟ್ಟದಲ್ಲಿ ಹೊಗೆ ಕಂಡರೆ ಇದೇ 1926ಕ್ಕೆ ತಿಳಿಸಿ. ಯುಗಾದಿ ಬೇಟೆ ನಡೆಯುವ ಊರು ನಿಮಗೆ ಗೊತ್ತಿದ್ದರೆ, ಹಬ್ಬಕ್ಕೆ ಒಂದು ತಿಂಗಳು ಇರುವಾಗಲೇ ಡಿಸಿಎಫ್, ತಹಶೀಲ್ದಾರ್, ಪೊಲೀಸ್ ಠಾಣೆ ಮೂರೂ ಕಡೆ ಪತ್ರ ಕೊಡಿ. ಜೊತೆಗೆ ಆ ಊರಿನ ಶಾಲೆಯ ಮೇಷ್ಟ್ರು, ಪಂಚಾಯಿತಿ ಸದಸ್ಯರು, ದೇವಸ್ಥಾನದ ಹಿರಿಯರನ್ನು ಕಂಡು ಮಾತಾಡಿ. ಊರಿನೊಳಗಿಂದ ಒಬ್ಬರಾದರೂ ‘ಈ ವರ್ಷ ಬೇಡ’ ಎನ್ನುವವರು ಸಿಕ್ಕರೆ, ಅವರ ನಂಬರ್ ಬರೆದುಕೊಂಡು ಹಬ್ಬದ ದಿನ ಫೋನಿನಲ್ಲಿ ಅವರಿಗೆ ಸಿಗುವಂತೆ ಇರಿ.